ಹೆಚ್ಚಾದ ರಕ್ತ, ಸಾಲದ ರಕ್ತ: 'ಪ್ಲೆಥೋರಾ' ಎಂಬ ಪದದ ಕಥೆ

ಇಂಗ್ಲಿಷಿನ 'ಪ್ಲೆಥೋರಾ' ಪದವನ್ನು ನಾವೆಲ್ಲ ಎಲ್ಲಾದರೂ ಕೇಳಿಯೇ ಇರುತ್ತೇವೆ. ಆಫೀಸಿನ ಪ್ರೆಸೆಂಟೇಶನ್‌ನಲ್ಲಿ 'ಪ್ಲೆಥೋರಾ ಆಫ್ ಆಪ್ಷನ್ಸ್' ಇರುತ್ತದೆ. ಹಬ್ಬದ ಸಮಯದ ಜಾಹೀರಾತಿನಲ್ಲಿ ಸೀರೆಗಳ ಪ್ಲೆಥೋರಾ ಇರುತ್ತದೆ. ಕಾಲೇಜಿಗೆ ಹೋಗುವ ಮಕ್ಕಳಿಗೆ 'ಬಹಳ' ಎನ್ನುವುದಕ್ಕೆ ಸ್ವಲ್ಪ ಠೀವಿಯ ಪದ ಬೇಕಾದಾಗ ಇದೇ ನೆನಪಾಗುತ್ತದೆ. ಹೇರಳ, ಧಾರಾಳ, ವಿಪುಲ ಎನ್ನುವಂತೆ ಹೊಗಳಿಕೆಯಾಗಿಯೇ ಬಳಸುತ್ತೇವೆ. ಆದರೆ ನಿಘಂಟು ತೆರೆದರೆ ಒಂದು ಸಣ್ಣ ಎಚ್ಚರಿಕೆ ಕಾಣುತ್ತದೆ: ಬರೀ ಹೆಚ್ಚಲ್ಲ, ಬೇಕಾದ್ದಕ್ಕಿಂತ ಹೆಚ್ಚು. ಇನ್ನೂ ಕೆಳಗೆ ಕಣ್ಣು ಹಾಯಿಸಿದರೆ ವೈದ್ಯಕೀಯ ಅರ್ಥ ಸಿಗುತ್ತದೆ: ಮೈಯಲ್ಲಿ ರಕ್ತ ಅತಿಯಾಗಿ ತುಂಬಿಕೊಂಡಿರುವ ಸ್ಥಿತಿ.

ಕೊನೆಯಲ್ಲಿರುವ ಈ ಅರ್ಥವೇ ಹುಟ್ಟಿನಲ್ಲಿ ಹಿರಿಯದು. 16ನೇ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಬಂದದ್ದು ವೈದ್ಯರ ಪುಸ್ತಕಗಳ ಮೂಲಕ. ಯಾವುದೇ ವಸ್ತುವಿನ ಅತಿಯನ್ನು ಹೀಗೆ ಕರೆಯುವ ರೂಢಿ ಬರುವ ಹೊತ್ತಿಗೆ ಇನ್ನೂ ನೂರೈವತ್ತು ವರ್ಷ ಕಳೆದಿತ್ತು. ಅದಕ್ಕೂ ಮೊದಲು ಗ್ರೀಕ್ ಮತ್ತು ಲ್ಯಾಟಿನ್ ವೈದ್ಯಗ್ರಂಥಗಳಲ್ಲಿ ಅದು ಸಾವಿರಾರು ವರ್ಷ ರೋಗದ ಹೆಸರಾಗಿಯೇ ಇತ್ತು. ಆ ರೋಗದ ಲೆಕ್ಕದ ಪುಸ್ತಕದಲ್ಲಿ ಹೆಂಗಸರಿಗೆ ಒಂದು ಪ್ರತ್ಯೇಕ ಪುಟವಿತ್ತು. ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ಈ ಪದವನ್ನು ಆರಿಸಿಕೊಳ್ಳಲು ಅದೇ ಕಾರಣ.

ಮೊದಲು ಬೇರು ನೋಡೋಣ. ಗ್ರೀಕಿನಲ್ಲಿ 'ಪ್ಲೆಥೋರೆ' ಎಂದರೆ ತುಂಬಿರುವಿಕೆ. 'ತುಂಬು' ಎಂಬ ಅರ್ಥದ, ಇಂಡೋ-ಯುರೋಪಿಯನ್ ಭಾಷೆಗಳಿಗೆಲ್ಲ ಸಾಮಾನ್ಯವಾದ ಒಂದು ಹಳೆಯ ಧಾತುವಿನಿಂದ ಅದು ಬಂದಿದೆ. ಇಂಗ್ಲಿಷಿನ 'ಫುಲ್', 'ಪ್ಲೆಂಟಿ' ಎರಡೂ ಅದೇ ಮನೆತನದವು. ಸಂಸ್ಕೃತದ ಪೂರ್ಣ, ಪೂರಣಗಳೂ ಅಷ್ಟೇ. ಪೂರಣ ಕನ್ನಡಕ್ಕೆ ಬಂದಾಗ, ಹಳಗನ್ನಡದ ಪಾಲು ಹಾಲಾದ ಹಾಗೆ, ಪಕಾರ ಹಕಾರವಾಗಿ ನಮ್ಮ ಹೂರಣವಾಯಿತು. ಮರಾಠಿಯವರು ಪಕಾರವನ್ನು ಉಳಿಸಿಕೊಂಡರು, ಅವರದು ಪೂರಣಪೋಳಿ. ಹಾಗಾಗಿ ಆಫೀಸಿನ ಪ್ಲೆಥೋರಾ ಮತ್ತು ಅಡುಗೆಮನೆಯ ಹೂರಣ ದೂರದ ನೆಂಟರು.

ನೆಂಟಸ್ತನ ಹೆಸರಿಗಷ್ಟೇ ನಿಲ್ಲುವುದಿಲ್ಲ. ಕಣಕ ತೆಳ್ಳಗಿದ್ದು ಹೂರಣ ಜಾಸ್ತಿಯಾದರೆ ಹೋಳಿಗೆ ತಟ್ಟುವಾಗ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕ್ರಿಸ್ತಪೂರ್ವ 3ನೇ ಶತಮಾನದ ಗ್ರೀಕ್ ವೈದ್ಯ ಎರಾಸಿಸ್ಟ್ರಾಟಸ್ ರೋಗವನ್ನು ಹೆಚ್ಚುಕಡಿಮೆ ಹೀಗೆಯೇ ಕಲ್ಪಿಸಿಕೊಂಡಿದ್ದ. ತಿಂದ ಅನ್ನ ರಕ್ತವಾಗುತ್ತದೆ, ರಕ್ತ ರಕ್ತನಾಳಗಳಲ್ಲಿ ತುಂಬುತ್ತದೆ, ಖರ್ಚಾಗದೆ ಉಳಿದರೆ ನಾಳ ಬಿಗಿದು, ಒಳಗಿನದು ಸೇರಬಾರದ ಕಡೆಗೆ ಸೋರುತ್ತದೆ. ಅದರಿಂದ ಉರಿ, ಊತ, ಜ್ವರ. ಇಷ್ಟಾದರೂ ಆತ ಸುಮ್ಮಸುಮ್ಮನೆ ರಕ್ತ ತೆಗೆಯುವವನಲ್ಲ. ಉಪವಾಸ ಮಾಡಿಸಿ, ಊಟ ಕಡಿಮೆ ಮಾಡಿ, ತುಂಬಿದ್ದು ತಾನಾಗಿ ಇಳಿಯಲಿ ಎಂದು ಕಾಯುತ್ತಿದ್ದ. ನಮ್ಮ ಹಿರಿಯರ 'ಲಂಘನಂ ಪರಮೌಷಧಂ' ಮಾತಿಗೆ ಅವನು ತಲೆಯಾಡಿಸುತ್ತಿದ್ದನೇನೋ.

ಅವನ ಬಳಿಕ ನಾಲ್ಕು ಶತಮಾನ ಕಳೆದು ರೋಮ್ ನಗರದಲ್ಲಿ ಪ್ರಸಿದ್ಧನಾದ ಗೇಲೆನ್‌ಗೆ ಈ ತಾಳ್ಮೆ ಹಿಡಿಸಲಿಲ್ಲ. ತುಂಬಿರುವಿಕೆಯ ಮೇಲೆ ಒಂದು ಗ್ರಂಥ, ರಕ್ತ ತೆಗೆಯುವ ಚಿಕಿತ್ಸೆಯ ಮೇಲೆ ಮೂರು ಗ್ರಂಥ ಬರೆದು, ಎರಾಸಿಸ್ಟ್ರಾಟಸ್‌ನ ಅನುಯಾಯಿಗಳ ಮೇಲೆ ಹರಿಹಾಯ್ದ. ಅವನ ವಾದಕ್ಕೆ ದೊಡ್ಡ ಸಾಕ್ಷಿ ಯಾರು ಗೊತ್ತೇ? ನಾವೇ. ಪ್ರಕೃತಿಯೇ ಪ್ರತಿ ತಿಂಗಳು ಹೆಂಗಸರ ಹೆಚ್ಚುವರಿ ರಕ್ತವನ್ನು ಹೊರಹಾಕುತ್ತದೆ, ಸರಿಯಾಗಿ ಮುಟ್ಟಾಗುವ ಹೆಂಗಸಿಗೆ ಸಂಧಿವಾತದಂಥ ಕಾಯಿಲೆಗಳು ಬರುವುದಿಲ್ಲ, ಆದ್ದರಿಂದ ವೈದ್ಯನೂ ಪ್ರಕೃತಿಯನ್ನೇ ಅನುಸರಿಸಿ ರಕ್ತ ತೆಗೆಯಬೇಕು ಎಂದು ಅವನ ತರ್ಕ. ಗಂಡಸರಿಗೆ ಈ ತಿಂಗಳ ಸೌಲಭ್ಯ ಇಲ್ಲವಲ್ಲ! ಮೂಗಿನಿಂದ ರಕ್ತ ಸೋರುವುದನ್ನೂ ಮೂಲವ್ಯಾಧಿಯ ರಕ್ತಸ್ರಾವವನ್ನೂ ಗಂಡಸರ ಪಾಲಿನ ಮುಟ್ಟಿನಂತೆ ಕಂಡು, ಒಳ್ಳೆಯದೇ ಆಯಿತೆಂದು ಸಮಾಧಾನ ಹೇಳುವ ಪರಂಪರೆ ಯುರೋಪಿನಲ್ಲಿ ಬಹುಕಾಲ ನಡೆಯಿತು.

ಗೇಲೆನ್ ಸೇರಿಸಿದ ಇನ್ನೊಂದು ವಿಚಾರ ಮುಂದೆ ಬಹಳ ಅನಾಹುತ ಮಾಡಿತು. ಅವನ ಪ್ರಕಾರ ತುಂಬಿರುವಿಕೆಯಲ್ಲಿ ಎರಡು ಬಗೆ. ನಾಳದ ಅಳತೆಗೆ ರಕ್ತ ಹೆಚ್ಚಾದರೆ ಒಂದು, ರೋಗಿಯ ಶಕ್ತಿಗೆ ರಕ್ತ ಹೆಚ್ಚಾದರೆ ಇನ್ನೊಂದು. ಅಂದರೆ ಕೆಂಪಗೆ ದಪ್ಪಗಿರುವವರಿಗೂ ರಕ್ತ ಹೆಚ್ಚು. ನಿತ್ರಾಣವಾಗಿ ಮಲಗಿದವರಿಗೂ, ಹೊರಲಾರದಷ್ಟಿದೆ ಎಂಬ ಲೆಕ್ಕದಲ್ಲಿ, ರಕ್ತ ಹೆಚ್ಚೇ. ಈ ಎರಡನೆಯ ಬಾಗಿಲಿನಿಂದ ಯಾರನ್ನು ಬೇಕಾದರೂ ಒಳಗೆ ಎಳೆದುಕೊಳ್ಳಬಹುದಿತ್ತು.

ಹೆಂಗಸಿನಲ್ಲಿ ರಕ್ತ ಹೆಚ್ಚಾಗುವುದೇಕೆ ಎಂಬುದಕ್ಕೆ ಉತ್ತರ ಗೇಲೆನ್‌ಗಿಂತ ಹಿಂದೆಯೇ ಸಿದ್ಧವಾಗಿತ್ತು. ಹಿಪ್ಪೊಕ್ರಾಟಿಸ್ ಹೆಸರಿನಲ್ಲಿ ಉಳಿದಿರುವ, ಸ್ತ್ರೀರೋಗಗಳ ಕುರಿತ ಗ್ರಂಥದಲ್ಲಿ ಒಂದು ಪ್ರಯೋಗದ ಮಾತಿದೆ. ನೀರಿನ ಮೇಲೆ ಬಿಡಿ ಉಣ್ಣೆಯನ್ನೂ ಅಷ್ಟೇ ತೂಕದ ಒತ್ತಾಗಿ ನೇಯ್ದ ಬಟ್ಟೆಯನ್ನೂ ಎರಡು ಹಗಲು, ಎರಡು ರಾತ್ರಿ ಇಟ್ಟು ತೂಗಿ ನೋಡಿ, ಉಣ್ಣೆಯೇ ಹೆಚ್ಚು ಭಾರವಾಗಿರುತ್ತದೆ. ಹೆಂಗಸಿನ ಮೈ ಆ ಉಣ್ಣೆಯ ಹಾಗೆ, ಗಂಡಸಿನ ಮೈ ನೇಯ್ದ ಬಟ್ಟೆಯ ಹಾಗೆ. ಹೆಂಗಸು ಹೊಟ್ಟೆಯಿಂದ ತೇವವನ್ನು ಹೀರಿ ತುಂಬಿಸಿಕೊಳ್ಳುತ್ತಾಳೆ, ಅದು ಹೊರಹೋಗದಿದ್ದರೆ ಕಾಯಿಲೆ ಬೀಳುತ್ತಾಳೆ. ದಿನವಿಡೀ ಉಣ್ಣೆ ನೂತು ಬಟ್ಟೆ ನೇಯುತ್ತಿದ್ದವರು ಆ ಕಾಲದ ಗ್ರೀಕ್ ಹೆಂಗಸರೇ. ಅವರ ಕೈಕೆಲಸದಿಂದಲೇ ಉಪಮೆ ತೆಗೆದು ಅವರ ಮೇಲೆಯೇ ಹೊದಿಸಿದ್ದು ಸೋಜಿಗ.

ಅದೇ ಗ್ರಂಥ ಆರೋಗ್ಯವಂತ ಹೆಂಗಸಿನ ಮುಟ್ಟಿನ ಪ್ರಮಾಣವನ್ನೂ ಹೇಳುತ್ತದೆ: ಎರಡು ಕೊಟಿಲೆ. ಇಂದಿನ ಅಳತೆಯಲ್ಲಿ ಹೆಚ್ಚುಕಡಿಮೆ ಅರ್ಧ ಲೀಟರು. ನಿಜವಾದ ಸರಾಸರಿ 30ರಿಂದ 40 ಮಿಲಿಲೀಟರು. 80 ದಾಟಿದರೆ ಅತಿಸ್ರಾವ ಎಂದು ಇಂದಿನ ವೈದ್ಯರು ಹೆಸರಿಡುತ್ತಾರೆ. ಅರ್ಧ ಲೀಟರು ಸಹಜ ಎಂದು ನಂಬಿದ ವೈದ್ಯನ ಮುಂದೆ ನಮ್ಮಂಥ ಸಾಮಾನ್ಯ ಹೆಂಗಸು ನಿಂತರೆ ಅವನಿಗೆ ಏನನ್ನಿಸಬೇಕು? ಇವಳಲ್ಲಿ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಒಳಗೇ ಉಳಿದುಬಿಟ್ಟಿದೆ!

ಇವೆಲ್ಲ ಪುರಾತನ ಕಾಲದ ಮಾತು ಎಂದು ತಳ್ಳಿಹಾಕುವ ಹಾಗಿಲ್ಲ. ಹಾರ್ವೆ ರಕ್ತಪರಿಚಲನೆಯನ್ನು ತೋರಿಸಿಕೊಟ್ಟು ಎಪ್ಪತ್ತೈದು ವರ್ಷವಾದ ಮೇಲೆ, 1703ರಲ್ಲಿ, ಜಾನ್ ಫ್ರೆಂಡ್ ಎಂಬ ಇಂಗ್ಲಿಷ್ ವೈದ್ಯ ಮುಟ್ಟಿನ ಬಗ್ಗೆ 'ಎಮೆನೊಲಾಜಿಯಾ' ಎಂಬ ಲ್ಯಾಟಿನ್ ಗ್ರಂಥವನ್ನು ಪ್ರಕಟಿಸಿದ. ನ್ಯೂಟನ್ ಯುಗದವನಲ್ಲವೇ, ಒತ್ತಡ, ನಾಳಗಳ ಅಳತೆ ಎಂದು ಗಣಿತ ಹಾಕಿದ. ಗಣಿತವೆಲ್ಲ ಬಂದು ನಿಂತದ್ದು ಮಾತ್ರ ಹಳೆಯ ಜಾಗದಲ್ಲೇ: ಮುಟ್ಟಿಗೆ ಕಾರಣ ಪ್ಲೆಥೋರಾ.

ಈ ನಂಬಿಕೆಯಿಂದ ಮೊದಲು ಪೆಟ್ಟು ತಿಂದವರು ಹರೆಯದ ಹುಡುಗಿಯರು. ಮುಖ ಬಿಳಿಚಿಕೊಂಡು, ಮೆಟ್ಟಿಲು ಹತ್ತಿದರೆ ಏದುಸಿರು ಬಂದು, ಊಟ ಸೇರದೆ, ಮುಟ್ಟು ನಿಂತುಹೋದ ಹುಡುಗಿಯರ ಸ್ಥಿತಿಯನ್ನು 1554ರಲ್ಲಿ ಜರ್ಮನಿಯ ಯೊಹಾನಸ್ ಲಾಂಗೆ 'ಕನ್ಯೆಯರ ರೋಗ' ಎಂದು ಕರೆದ. ಮುಂದೆ ಅದಕ್ಕೆ 'ಹಸಿರು ಕಾಯಿಲೆ', 'ಕ್ಲೋರೋಸಿಸ್' ಎಂಬ ಹೆಸರುಗಳು ಬಂದವು. ಇಂದು ಓದಿದರೆ ರಕ್ತಹೀನತೆಯ ಪಾಠದಂತಿದೆ. ಅಂದಿನ ವಿವರಣೆಯೇ ಬೇರೆ: ರಕ್ತ ಹೊರಹೋಗುವ ದಾರಿ ಕಟ್ಟಿಕೊಂಡಿದೆ, ಒಳಗೆ ಕೂಡಿ ಕೆಟ್ಟಿದೆ. ಪರಿಹಾರಗಳು ಎರಡು: ಬೇಗ ಮದುವೆ ಮಾಡಿ, ಅಲ್ಲಿಯವರೆಗೆ ನಾಳ ಕತ್ತರಿಸಿ ರಕ್ತ ತೆಗೆಯಿರಿ. ಮೊದಲ ಪರಿಹಾರವನ್ನು ನಮ್ಮ ಕಡೆಯವರಿಗೆ ಯಾವ ಯುರೋಪಿನ ವೈದ್ಯನೂ ಹೇಳಿಕೊಡಬೇಕಾಗಿರಲಿಲ್ಲ, ಬಿಡಿ. 17ನೇ ಶತಮಾನದ ಥಾಮಸ್ ಸಿಡೆನ್‌ಹ್ಯಾಮ್ ಈ ಹುಡುಗಿಯರಿಗೆ ಕಬ್ಬಿಣದ ಮದ್ದು ಕೊಟ್ಟು ಗುಣ ಕಂಡ. ಆದರೂ ರೋಗಿ ಗಟ್ಟಿಯಾಗಿದ್ದರೆ ಮೊದಲು ಒಂದಿಷ್ಟು ರಕ್ತ ತೆಗೆದು ಬಳಿಕ ಕಬ್ಬಿಣ ಕೊಡಬೇಕೆಂಬುದು ಅವನ ಕ್ರಮ. ಒಂದು ಕೈಯಲ್ಲಿ ಕಸಿದು ಇನ್ನೊಂದು ಕೈಯಲ್ಲಿ ಕೊಟ್ಟ ಹಾಗೆ.

ಎರಡನೆಯ ಪೆಟ್ಟು ಬಸುರಿಯರಿಗೆ. ಗರ್ಭಿಣಿಗೆ ಮುಟ್ಟು ನಿಲ್ಲುತ್ತದೆ. ಹಾಗಾದರೆ ಒಂಬತ್ತು ತಿಂಗಳ ರಕ್ತ ಎಲ್ಲಿ ಹೋಗಬೇಕು? ಮಗುವಿಗೆ ಒಂದು ಪಾಲು, ಉಳಿದದ್ದು ಪ್ಲೆಥೋರಾ. ಇಲ್ಲಿ ವೈದ್ಯರು ಪೂರ್ತಿ ತಪ್ಪಿರಲಿಲ್ಲ ಎಂಬುದನ್ನೂ ಹೇಳಬೇಕು. ಗರ್ಭಿಣಿಯ ರಕ್ತದ ಒಟ್ಟು ಪ್ರಮಾಣ ಸುಮಾರು ಶೇಕಡಾ 40ಕ್ಕಿಂತ ಹೆಚ್ಚುತ್ತದೆ, ನಿಜ. ಆದರೆ ಅದರಲ್ಲಿ ನೀರಿನಂಥ ಪ್ಲಾಸ್ಮಾದ ಪಾಲೇ ದೊಡ್ಡದು. ಕೆಂಪು ಕಣಗಳು ಅಷ್ಟೇ ವೇಗದಲ್ಲಿ ಹೆಚ್ಚದ ಕಾರಣ ರಕ್ತ ತೆಳುವಾಗುತ್ತದೆ. ಸಾರಿಗೆ ನೀರು ಸೇರಿಸಿ ಪಾತ್ರೆ ತುಂಬಿದ್ದನ್ನು ನೋಡಿ ಬೇಳೆ ಹೆಚ್ಚಾಯಿತೆಂದು ಎತ್ತಿ ಚೆಲ್ಲಿದ ಹಾಗೆ ಆ ಚಿಕಿತ್ಸೆ.

ಅರಮನೆಯವರೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಯ ಮೊಮ್ಮಗಳು ಶಾರ್ಲೆಟ್ ಸಿಂಹಾಸನಕ್ಕೆ ಬರಬೇಕಾದವಳು. 1816ರಲ್ಲಿ ಮದುವೆಯಾಗಿ 1817ರಲ್ಲಿ ಬಸುರಿಯಾದಳು. ಹೊಟ್ಟೆತುಂಬ ಉಣ್ಣುವ, ಮೈಕೈ ತುಂಬಿಕೊಂಡಿದ್ದ ಹುಡುಗಿ. ಹೆರಿಗೆ ನೋಡಿಕೊಳ್ಳಲು ನೇಮಕವಾದ ಸರ್ ರಿಚರ್ಡ್ ಕ್ರಾಫ್ಟ್ ಅಂದಿನ ಪದ್ಧತಿಯಂತೆ ಊಟ ಇಳಿಸಿದ, ರಕ್ತ ತೆಗೆಸಿದ. ನವೆಂಬರ್ 3ರ ಸಂಜೆ ನೋವು ಶುರುವಾಯಿತು. ಐವತ್ತು ಗಂಟೆಗಳ ಬಳಿಕ, 5ರ ರಾತ್ರಿ, ಗಂಡುಮಗು ಸತ್ತು ಹುಟ್ಟಿತು. ಕೆಲವೇ ಗಂಟೆಗಳಲ್ಲಿ, 6ರ ನಸುಕಿನಲ್ಲಿ, ಇಪ್ಪತ್ತೊಂದು ವರ್ಷದ ತಾಯಿಯೂ ಹೋದಳು. ಹೆರಿಗೆಯ ನಂತರದ ರಕ್ತಸ್ರಾವವೇ ಕಾರಣವಿರಬೇಕೆಂದು ಈಚಿನ ಅನೇಕ ವೈದ್ಯರ ಅಭಿಪ್ರಾಯ. ರಕ್ತ ಹೆಚ್ಚಾಗಿದೆ ಎಂದು ತಿಂಗಳುಗಟ್ಟಲೆ ಇಳಿಸಿದ ಮೈಗೆ ಕೊನೆಯ ಗಳಿಗೆಯಲ್ಲಿ ಕಳೆದುಕೊಳ್ಳಲು ರಕ್ತ ಎಷ್ಟು ಉಳಿದಿತ್ತೋ! ಕ್ರಾಫ್ಟ್ ಮೇಲೆ ಊರೆಲ್ಲ ಬೆರಳು ತೋರಿಸಿತು. ಮೂರು ತಿಂಗಳ ನಂತರ, 1818ರ ಫೆಬ್ರವರಿಯಲ್ಲಿ, ಅವನು ತಾನೇ ಗುಂಡು ಹಾರಿಸಿಕೊಂಡು ಸತ್ತ. ನನಗೇನೋ ಅವನ ಮೇಲೆ ಸಿಟ್ಟು ಬರುವುದಿಲ್ಲ. ಪುಸ್ತಕದಲ್ಲಿದ್ದುದನ್ನು ಶ್ರದ್ಧೆಯಿಂದ ಪಾಲಿಸಿದವನು ಅವನು.

ವಾರಸುದಾರರಿಲ್ಲದೆ ಗಾಬರಿಯಾದ ರಾಜಮನೆತನದ ಗಂಡುಮಕ್ಕಳು ವಯಸ್ಸು ಮೀರಿದ ಮೇಲೆ ಮದುವೆಗೆ ಓಡಾಡಿದರು. ಹಾಗೆ ಮದುವೆಯಾದ ಒಬ್ಬರ ಮಗಳೇ 1819ರಲ್ಲಿ ಹುಟ್ಟಿದ ವಿಕ್ಟೋರಿಯಾ. ಶಾರ್ಲೆಟ್ ಬದುಕಿದ್ದರೆ ಮುಂಬಯಿಯ ನಿಲ್ದಾಣಕ್ಕೂ ಬೆಂಗಳೂರಿನ ಆಸ್ಪತ್ರೆಗೂ ಆ ಹೆಸರು ಬರುತ್ತಿರಲಿಲ್ಲ.

ಗಂಡಸರು ಇದರಿಂದ ಪಾರಾದರು ಎಂದಲ್ಲ. ಜಾರ್ಜ್ ವಾಷಿಂಗ್ಟನ್ 1799ರಲ್ಲಿ ಗಂಟಲು ಬೇನೆಯಿಂದ ಮಲಗಿದಾಗ ಒಂದೇ ದಿನದಲ್ಲಿ ಎರಡು ಲೀಟರಿಗೂ ಹೆಚ್ಚು ರಕ್ತ ತೆಗೆದರು. ಆ ರಾತ್ರಿಯೇ ಅವನು ತೀರಿಕೊಂಡ. ಫ್ರಾನ್ಸಿನಲ್ಲಿ ಜಿಗಣೆ ಚಿಕಿತ್ಸೆಯ ಹುಚ್ಚು ಎಷ್ಟು ಹಿಡಿಯಿತೆಂದರೆ 1833ರ ಒಂದೇ ವರ್ಷದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜಿಗಣೆಗಳನ್ನು ಹೊರದೇಶಗಳಿಂದ ತರಿಸಿಕೊಂಡರು. ಮಲೆನಾಡಿನ ಮಳೆಗಾಲದಲ್ಲಿ ಇಂಬಳ ಕಚ್ಚಿಸಿಕೊಂಡವರಿಗೆ ಈ ಸಂಖ್ಯೆ ಕೇಳಿದರೇ ಮೈ ಜುಮ್ಮೆನ್ನಬೇಕು. ನಮ್ಮ ಸುಶ್ರುತ ಸಂಹಿತೆಯಲ್ಲೂ ರಕ್ತ ತೆಗೆಯುವ ವಿಧಾನಗಳಿವೆ, ಜಿಗಣೆಗಾಗಿಯೇ ಒಂದು ಅಧ್ಯಾಯವಿದೆ. ಮಕ್ಕಳು, ಮುದುಕರು, ದುರ್ಬಲರು, ಹೆಂಗಸರಂಥ ಸುಕುಮಾರರಿಗೆ ಎಲ್ಲಕ್ಕಿಂತ ಮೃದುವಾದ ಉಪಾಯ ಎಂದು ಅಲ್ಲಿ ಜಿಗಣೆಯನ್ನು ಹೇಳಿದೆ.

ಪದದ ಬಲ ಕುಂದಿದ್ದು ಲೆಕ್ಕದಿಂದ. ಪ್ಯಾರಿಸ್ಸಿನ ಪಿಯೆರ್ ಲೂಯಿ 1835ರಲ್ಲಿ, ನ್ಯುಮೋನಿಯಾ ರೋಗಿಗಳಲ್ಲಿ ಬೇಗ ರಕ್ತ ತೆಗೆಸಿಕೊಂಡವರೆಷ್ಟು, ತಡವಾಗಿ ತೆಗೆಸಿಕೊಂಡವರೆಷ್ಟು, ಬದುಕಿದವರೆಷ್ಟು ಎಂದು ಎಣಿಸಿ ನೋಡಿದ. ಚಿಕಿತ್ಸೆಯ ಫಲ ಹೇಳಿಕೊಂಡಷ್ಟೇನೂ ಇರಲಿಲ್ಲ. 1852ರಲ್ಲಿ ಜರ್ಮನಿಯ ಕಾರ್ಲ್ ಫಿಯೆರೋರ್ಟ್ ಸೂಕ್ಷ್ಮದರ್ಶಕದ ಕೆಳಗೆ ರಕ್ತಕಣಗಳನ್ನೇ ಎಣಿಸಿದ. ಮುಖದ ಬಣ್ಣ, ನಾಡಿಯ ಬಿರುಸು ನೋಡಿ 'ಹೆಚ್ಚಾಗಿದೆ' ಎನ್ನುತ್ತಿದ್ದ ಕಾಲ ಹೋಗಿ, ಒಂದು ಹನಿಯಲ್ಲಿ ಎಷ್ಟಿದೆ ಎಂದು ಕೇಳುವ ಕಾಲ ಬಂತು. ಕೆಲಸ ಕಳೆದುಕೊಂಡ ಪ್ಲೆಥೋರಾ ಆಸ್ಪತ್ರೆಯಿಂದ ಹೊರಬಿದ್ದು ಪತ್ರಿಕೆಗಳಿಗೂ ಭಾಷಣಗಳಿಗೂ ಸೇರಿಕೊಂಡಿತು. ಪೂರ್ತಿ ಬಿಟ್ಟೂ ಇಲ್ಲ ಎನ್ನಿ. ಕೆಂಪು ಕಣಗಳು ನಿಜವಾಗಿಯೂ ಮಿತಿಮೀರಿ ಹುಟ್ಟುವ ಒಂದು ಅಪರೂಪದ ಕಾಯಿಲೆಗೆ ಇಂದಿಗೂ ರಕ್ತ ತೆಗೆಯುತ್ತಾರೆ, ಆ ರೋಗಿಯ ಕೆಂಪೇರಿದ ಮುಖವನ್ನು ವರ್ಣಿಸಲು ಇದೇ ಪದ ಬಳಸುತ್ತಾರೆ.

ಕನ್ನಡದಲ್ಲಿ ಹೆಣ್ಣು ಮತ್ತು ತುಂಬುವಿಕೆಯ ಸಂಬಂಧವೇ ಬೇರೆ ರೀತಿಯದು. ಹುಡುಗಿ ಮೈನೆರೆಯುತ್ತಾಳೆ, ನೆರೆಯುವುದೆಂದರೆ ತುಂಬುವುದು, ಹೊಳೆಗೆ ಬರುವ ನೆರೆಯಲ್ಲಿರುವ ತುಂಬುವಿಕೆಯೇ ಅದು. ಬಸುರಿ ತುಂಬುಗರ್ಭಿಣಿಯಾಗುತ್ತಾಳೆ. ಮಡಿಲು ತುಂಬುತ್ತೇವೆ, ಉತ್ತರ ಕರ್ನಾಟಕದವರಾದರೆ ಉಡಿ ತುಂಬುತ್ತೇವೆ. ನಮ್ಮ ಭಾಷೆ ಹೆಣ್ಣಿನ ತುಂಬುವಿಕೆಯನ್ನು ರೋಗವೆನ್ನಲಿಲ್ಲ, ಶುಭವೆಂದಿತು. ಹಾಗೆಂದು ಹೆಮ್ಮೆಪಟ್ಟು ಸುಮ್ಮನಾಗುವಂತೆಯೂ ಇಲ್ಲ. 'ಮುಟ್ಟಿನಲ್ಲಿ ಹೋಗುವುದು ಕೆಟ್ಟ ರಕ್ತ ಕಣೇ, ಹೋದಷ್ಟೂ ಒಳ್ಳೆಯದು' ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಈ ಮಾತು ಗೇಲೆನ್‌ನಿಂದ ನಮ್ಮ ಅಜ್ಜಿಯರಿಗೆ ಬಂತೆಂದು ನಾನು ಹೇಳುತ್ತಿಲ್ಲ. ಆದರೆ ಎರಡರ ಒಳಗಿರುವ ಊಹೆ ಒಂದೇ: ಹೆಣ್ಣಿನ ಮೈಯಲ್ಲಿ ಬೇಡದ್ದು ಕೂಡಿರುತ್ತದೆ, ಸುರಿದುಹೋದರೆ ಹಗುರ.

ಹೋಗುವ ರಕ್ತ ಕೆಟ್ಟದ್ದಲ್ಲ. ಗರ್ಭಕೋಶದ ಒಳಪದರದ ಜೊತೆಗೆ ಬರುವುದು ನಾಳದಲ್ಲಿ ಹರಿಯುವ ರಕ್ತವೇ, ಅದರೊಳಗಿನ ಕಬ್ಬಿಣದ ಅಂಶವೂ ನಮ್ಮದೇ. ಗಂಟೆಗೊಂದು ಪ್ಯಾಡ್ ಬದಲಿಸಬೇಕಾದರೆ, ದೊಡ್ಡ ಗಡ್ಡೆಗಳು ಹೋಗುತ್ತಿದ್ದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕಾದ ಸಂಗತಿ. 'ವಯಸ್ಸಾಗುತ್ತಾ ಬಂತಲ್ಲ, ಎಲ್ಲ ಹೋಗಿ ಮುಗಿಯಲಿ' ಎಂದು ನಲವತ್ತೈದರ ಹೆಂಗಸರು ವರ್ಷಗಟ್ಟಲೆ ಸಹಿಸುವುದನ್ನು ನೋಡಿದಾಗ ಆ ಹಳೆಯ ಉಣ್ಣೆ-ಬಟ್ಟೆಯ ಪ್ರಯೋಗ ಇನ್ನೂ ಮುಗಿದಿಲ್ಲವೇನೋ ಅನ್ನಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ಎರಡು ಸಾವಿರ ವರ್ಷ 'ಹೆಚ್ಚು' ಎಂದು ಬರೆದಿಟ್ಟ ಪುಟದಲ್ಲಿ ಇದ್ದದ್ದು ಕೊರತೆ.

ಆ ಕೊರತೆಯನ್ನು ಕೊರತೆಯೆಂದೇ ಕಂಡು ಅದರ ಬೆನ್ನುಹತ್ತಿದ ಒಬ್ಬ ಹೆಂಗಸು ಕೆಲಸ ಮಾಡಿದ್ದು ಮುಂಬಯಿಯ ಪರೇಲ್‌ನಲ್ಲಿ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಅಲ್ಲಿನ ಹಾಫ್‌ಕಿನ್ ಸಂಸ್ಥೆಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರಲ್ಲಿ ಕಾಣುತ್ತಿದ್ದ ತೀವ್ರ ರಕ್ತಹೀನತೆಗೆ ಕಾರಣ ಹುಡುಕುವುದು ಅವರ ಕೆಲಸ. ಸೋಂಕು ಇರಬಹುದೇ ಎಂದು ನೋಡಿದರು, ಆಮೇಲೆ ಊಟದ ಕಡೆ ತಿರುಗಿದರು. ಹಣ್ಣು-ತರಕಾರಿ ಕಾಣದ ಬಡವರ ಊಟವನ್ನೇ ಪ್ರಾಣಿಗಳಿಗೆ ಕೊಟ್ಟು ಪರೀಕ್ಷಿಸಿದರು. ಯಕೃತ್ತಿನ ಸಾರ ಕೊಟ್ಟರೆ ಗುಣವಾಗುತ್ತಿತ್ತು, ಆದರೆ ಅದು ದುಬಾರಿ. ಕೊನೆಗೆ ಕೈಹಿಡಿದದ್ದು ಬಿಯರ್ ತಯಾರಿಕೆಯಲ್ಲಿ ಮಿಕ್ಕುವ ಯೀಸ್ಟಿನಿಂದ ಮಾಡಿದ ಮಾರ್ಮೈಟ್, ಇಂಗ್ಲೆಂಡಿನವರು ಬ್ರೆಡ್ಡಿಗೆ ಸವರಿಕೊಳ್ಳುವ ಕಪ್ಪು, ಉಪ್ಪುಪ್ಪಾದ ಪದಾರ್ಥ. ಅಗ್ಗದ ಆ ಬಾಟಲಿಯಿಂದ ಬಸುರಿಯರ ರಕ್ತ ಚೇತರಿಸಿಕೊಂಡಿತು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಗುಣ ಮಾಡಿದ ಅಂಶ ಯಾವುದೆಂದು ಆಗ ಗೊತ್ತಾಗದ ಕಾರಣ ಅದನ್ನು 'ವಿಲ್ಸ್ ಫ್ಯಾಕ್ಟರ್' ಎಂದು ಕರೆದರು.

ಹತ್ತು ವರ್ಷದ ಬಳಿಕ, 1941ರಲ್ಲಿ, ಅಮೆರಿಕದ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಆ ಅಂಶವನ್ನು ಬೇರ್ಪಡಿಸಿದರು. ಲ್ಯಾಟಿನ್ನಿನಲ್ಲಿ 'ಫೋಲಿಯಮ್' ಎಂದರೆ ಎಲೆ. ಅದರಿಂದ ಫೋಲಿಕ್ ಆಸಿಡ್ ಎಂಬ ಹೆಸರು ಬಂತು. ನಮ್ಮ ಬಾಯಲ್ಲಿ ಹೇಳುವುದಾದರೆ ಸೊಪ್ಪಿನ ಹುಳಿ! 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇಂದು ಅಂಗನವಾಡಿಗಳಲ್ಲಿ, ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ 180 ದಿನ ಉಚಿತವಾಗಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ಡೂ ಇರುತ್ತವೆ. ಆ ಮಾತ್ರೆ ಡಬ್ಬಿಯಲ್ಲೇ ಉಳಿದಿದೆಯೇ, ಹೊಟ್ಟೆಗೆ ಹೋಗಿದೆಯೇ ಎಂದು ಮನೆಯ ಸೊಸೆಯನ್ನೋ ಮಗಳನ್ನೋ ಅಡುಗೆ ಕೆಲಸಕ್ಕೆ ಬರುವ ಅಕ್ಕನನ್ನೋ ಒಮ್ಮೆ ಕೇಳಿ ನೋಡಿ.